ಅದೇ ಅಡ್ಡಹೆಸರಿನವಳು

ಕಾಫಿಯ ಸಾಲಿನಲ್ಲಿ ನಿಂತ ಆ ಹುಡುಗಿ ಬಲಗಾಲನ್ನು ಚಪ್ಪಲಿಯಿಂದ ಹೊರತೆಗೆದು ಹೆಬ್ಬೆರಳಿನಿಂದ ಎಡಗಾಲಿನ ಮೀನಖಂಡ ಕೆರೆದುಕೊಳ್ಳುತ್ತಿದ್ದಾಳೆ, ಮೆಲ್ಲಗೆ, ಮೇಲಿನಿಂದ ಕೆಳಕ್ಕೆ, ಮೈಮರೆತು — ಪೆತಾ, ಇದು ಪೆತಾ, ಹೊಲಿಗೆ ಯಂತ್ರದಿಂದ ಎದ್ದು ಬಂದು ಪಾತ್ರೆ ತೊಳೆಯುವಾಗ ನನ್ನ ತಂಗಿ ನಿಲ್ಲುತ್ತಿದ್ದದ್ದು ಹೀಗೇ, ಒಂಟಿ ಕಾಲಿನ ಮೇಲೆ, ಕೊಕ್ಕರೆಯ ಹಾಗೆ — ಆದರೆ ಪೆತಾ ಸತ್ತು ಮೂರನೆಯ ವರ್ಷ ನಡೆಯುತ್ತಿದೆ, ದೋಹಾದ ಹೋಟೆಲಿನ ಈ ಥಂಡಿ ಸಭಾಂಗಣಕ್ಕೆ ಅವಳೇಕೆ ಬರುತ್ತಾಳೆ, ಕೊರಳಿಗೆ ಸಮ್ಮೇಳನದ ಹಳದಿ ಪಟ್ಟಿ ಏಕೆ ಹಾಕಿಕೊಳ್ಳುತ್ತಾಳೆ, ಕೆರೆದುಕೊಳ್ಳುವ ಕಾಲು ಜಗತ್ತಿನಲ್ಲಿ ಅವಳೊಬ್ಬಳಿಗೇನಾ. ಸಾಲು ಮುಂದೆ ಸರಿಯಿತು, ಹುಡುಗಿ ಕಾಲನ್ನು ಚಪ್ಪಲಿಗೆ ತೂರಿಸಿ ಜನರ ನಡುವೆ ಕರಗಿಹೋದಳು, ಮುಖ ಕಾಣಲಿಲ್ಲ, ಕಾಣದಿದ್ದದ್ದೇ ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ ಎಡ್ನಾ ನನ್ನ ಮೊಣಕೈ ಹಿಡಿದು ಎಳೆಯುತ್ತಿದ್ದಾಳೆ, ಲೂದಿ ಅಕ್ಕ, ಎಲ್ಲಿ ಕಳೆದುಹೋದ್ರಿ, ಮನಿಲಾದಿಂದ ಬಂದ ಸರ್ ಶುರು ಮಾಡೇಬಿಟ್ರು, ಮುಂದಿನ ಸಾಲು ಖಾಲಿ ಹೊಡೀತಿದೆ, ನಾವೇ ಸಂಘದವರು ಕೂರದಿದ್ರೆ ಹೆಂಗೆ. ಎಡ್ನಾ ನನ್ನ ಆಫೀಸಿನವಳೇ, ಸಂಘಕ್ಕೆ ನಾನೇ ಎಳೆತಂದವಳು, ಈಗ ಅವಳೇ ನನ್ನನ್ನು ಎಳೆಯುತ್ತಾಳೆ. ಕೂತೆ. ಕೊಲ್ಲಿಯ ನಾಡುಗಳಲ್ಲಿರುವ ನಮ್ಮ ಫಿಲಿಪೀನ್ಸಿನ ಲೆಕ್ಕಿಗರೆಲ್ಲ ವರ್ಷಕ್ಕೊಮ್ಮೆ ಹೀಗೆ ಕೂರುತ್ತೇವೆ, ಶುಕ್ರವಾರದ ರಜೆಯನ್ನು ಸುಟ್ಟುಕೊಂಡು, ಅಂಕಗಳಿಗಾಗಿ, ಅಂಕ ಇಲ್ಲದಿದ್ದರೆ ಊರಿನಲ್ಲಿ ಪರವಾನಗಿ ನವೀಕರಣವಿಲ್ಲ, ಪರವಾನಗಿ ಇಲ್ಲದವರು ಇಲ್ಲಿ ಬರೀ ಗುಮಾಸ್ತರು. ಮನಿಲಾದ ಸರ್ ಪರದೆಯ ಮೇಲೆ ಬಾಣ ಓಡಿಸುತ್ತಿದ್ದಾರೆ, ಗುತ್ತಿಗೆಗೆ ಪಡೆದ ಆಸ್ತಿಯ ಬಗ್ಗೆ, ಸ್ವತ್ತು ಯಾರ ಹೆಸರಿನಲ್ಲಿದೆ ಅನ್ನೋದು ಮುಖ್ಯ ಅಲ್ಲ ಫ್ರೆಂಡ್ಸ್, ಯಾರ ವಶದಲ್ಲಿದೆ, ದಿನದಿನಾ ಯಾರು ಅನುಭವಿಸ್ತಿದ್ದಾರೆ, ಅದನ್ನ ನೋಡಿ — ಹಿಂದಿನ ಮೇಜಿನಲ್ಲಿ ಯಾರೋ ಗೊರಕೆಯ ಅಂಚಿನಲ್ಲಿದ್ದಾರೆ, ಎಡ್ನಾ ತುಟಿ ಕಚ್ಚಿ ನಗು ತಡೆಯುತ್ತಿದ್ದಾಳೆ, ನಾನು ಬಗ್ಗಿ ನನ್ನ ಕಾಲು ನೋಡಿಕೊಳ್ಳುತ್ತೇನೆ, ಶೂ, ಕಪ್ಪು, ಅಚ್ಚುಕಟ್ಟು.

ಶೂ ಅಂದರೆ ಪೆತಾ ಕಾಗದದ ಮೇಲೆ ನನ್ನ ಮಗಳ ಪಾದವಿಟ್ಟು ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚೆಯಲ್ಲಿ ಕಳಿಸುತ್ತಿದ್ದಳು, ಚೆಚೆ ಕಾಲು ನೋಡಕ್ಕಾ, ದೋಣಿ ಆಗ್ತಿದೆ, ನಾನು ಅಂಗಡಿಯಲ್ಲಿ ಆ ಗೆರೆಗೆ ಹೊಂದುವುದನ್ನು ಹುಡುಕಿ ಪೆಟ್ಟಿಗೆಗೆ ಹಾಕುತ್ತಿದ್ದೆ, ಸೋಪು, ಚಾಕಲೇಟು, ಟವೆಲ್ಲುಗಳ ನಡುವೆ, ಪೆಟ್ಟಿಗೆ ಹಡಗಿನಲ್ಲಿ ತೇಲಿ ತೇಲಿ ಸೊರ್ಸೊಗೋನಿನ ನಮ್ಮ ಮನೆಗೆ ಮುಟ್ಟುವ ಹೊತ್ತಿಗೆ ಕಾಲು ಗೆರೆ ದಾಟಿರುತ್ತಿತ್ತು. ಪ್ರತಿ ಸಲವೂ. ಒಂದು ಅಳತೆ ದೊಡ್ಡದೇ ತಗೊಂಡ್ರೆ ಆಗೋದಲ್ವಾ ಅಕ್ಕ ಅಂದಿದ್ದಳು ಪೆತಾ, ನಗುತ್ತಲೇ, ನಾನೂ ಮುಂದಿನ ಸಲ ದೊಡ್ಡದು ತೆಗೆದುಕೊಂಡೆ, ಆ ಸಲ ಪೆಟ್ಟಿಗೆ ಬೇಗ ಮುಟ್ಟಿತು, ಶೂ ದೊಡ್ಡದಾಯಿತು. ಅರ್ನೆಲ್ ಇದ್ದಿದ್ದರೆ ನಾನೇಕೆ ಈ ಮರಳಿಗೆ ಬರುತ್ತಿದ್ದೆ, ಗಂಡನ ಎರಡೂ ಕಿಡ್ನಿ ಕೈಕೊಟ್ಟು ಅವನು ಹೋದಾಗ ಚೆಚೆಗೆ ಇನ್ನೂ ಮಾತು ತೊದಲು, ಪೆತಾ ಮದುವೆಯಾಗದವಳು, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು, ನೀನು ಹೋಗಕ್ಕ, ಇವಳು ನನ್ನ ಹತ್ರ ಇರ್ತಾಳೆ, ಎರಡು ವರ್ಷ ತಾನೇ. ಎರಡು ವರ್ಷ ಮುಗಿದು ಮೊದಲ ರಜೆಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ಪೆತಾಳ ಲಂಗದ ಹಿಂದೆ ಅಡಗಿ ಒಂದು ಕಣ್ಣು ಮಾತ್ರ ತೋರಿಸಿದಳು ಮಗು, ಹೋಗು ಚೆಚೆ, ಮಮ್ಮಿಗೆ ಮುತ್ತು ಕೊಡು, ಮಮ್ಮಿ ಅಂದರೆ ಫೋನಿನೊಳಗಿನವಳು, ಅಮ್ಮ ಅಂದರೆ ಪೆತಾ, ಮೊದಲಿನಿಂದಲೂ ಹಾಗೆಯೇ, ಯಾರೂ ಕೂತು ನಿರ್ಧರಿಸಿದ್ದಲ್ಲ. ಆಮೇಲೆ ಸೋಂಕಿನ ವರ್ಷ. ಪೆತಾ ಆಸ್ಪತ್ರೆಯ ಹೊರಸಾಲಿನಲ್ಲಿ ಕೂತೇ ಉಸಿರು ಬಿಟ್ಟಳು, ವಿಮಾನಗಳೆಲ್ಲ ನೆಲಕ್ಕಿಳಿದಿದ್ದವು, ನಾನು ಇಲ್ಲಿ ಮಂಚದ ಮೇಲೆ ಕೂತು ಅವಳ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ, ಪಾದ್ರಿ ಕೈಯೆತ್ತಿದ್ದರು, ಚಿತ್ರ ಅಲ್ಲೇ ನಿಂತುಹೋಯಿತು, ಚಕ್ರ ತಿರುಗುತ್ತಲೇ ಇತ್ತು, ಮತ್ತೆ ಬಂದಾಗ ಅಂಗಳ ಖಾಲಿ. ಬೂದಿಯ ಕುಡಿಕೆಯನ್ನು ಚೆಚೆ ಒಬ್ಬಳೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳಂತೆ, ಕಾಲೇಜಿನ ಕೊನೆಯ ವರ್ಷದ ಹುಡುಗಿ. ಆಮೇಲೆ ಬಂದದ್ದು ಒಂದೇ ಒಂದು ಸಂದೇಶ, ಅಮ್ಮ ಹೋದಳು, ನೀವಿನ್ನು ಪೆಟ್ಟಿಗೆ ಕಳಿಸಬೇಡಿ. ಕರೆದರೆ ಎತ್ತಲಿಲ್ಲ, ನಂಬರು ಬದಲಾಯಿತು, ಮನೆಗೆ ಬೀಗ ಬಿತ್ತು. ಇಲ್ಲಿ ಎಲ್ಲರೂ ಕೇಳುತ್ತಾರೆ, ನಿಮ್ಮ ಚೆಚೆ ಏನ್ ಮಾಡ್ತಿದ್ದಾಳೆ ಅಕ್ಕ, ಮನಿಲಾದಲ್ಲಿದ್ದಾಳೆ, ಆಡಿಟ್ ಕೆಲಸ, ತುಂಬ ಬಿಝಿ, ಇನ್ನೇನು ಬರ್ತಾಳೆ ಇಲ್ಲಿಗೆ, ನನ್ನ ಬಾಯಿ ತಾನಾಗಿ ಹೇಳುತ್ತದೆ, ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆಯೆಂದರೆ ನಾನೇ ಅರ್ಧ ನಂಬಿದ್ದೇನೆ.

ಚಪ್ಪಾಳೆ. ಮನಿಲಾದ ಸರ್ ಇಳಿದರು, ನೋನೋಯ್ ಮೈಕಿಗೆ ಬಂದ, ನಮ್ಮ ನಿರೂಪಕ, ಕಸೂತಿಯ ಬಿಳಿ ಅಂಗಿಯೊಳಗೆ ಹೊಟ್ಟೆ ತುರುಕಿಕೊಂಡು, ನಿದ್ದೆ ಮಾಡಿದವರಿಗೆ ಅಂಕ ಅರ್ಧ, ಗೊರಕೆ ಹೊಡೆದವರಿಗೆ ಸೊನ್ನೆ, ಈಗ ಹೊಸ ಸದಸ್ಯರು ವೇದಿಕೆಗೆ ಬರಬೇಕು, ನಾಚಿಕೆ ಪಟ್ಕೊಂಡೋರು ಹಾಡಬೇಕಾಗತ್ತೆ, ಸಂಘದ ಪಿನ್ನು ಚುಚ್ಚೋಕೆ ನಮ್ಮ ಮಾಜಿ ಅಧ್ಯಕ್ಷೆ ಲೂದಿವೀನಾ ಅಬ್ರೆನಿಕಾ, ಬನ್ನಿ ಅಕ್ಕ, ಮೆಲ್ಲಗೆ ಚುಚ್ಚಿ, ರಕ್ತ ಬಂದ್ರೆ ಸಂಘ ಜವಾಬ್ದಾರಿ ಅಲ್ಲ. ನಾನು ಪಿನ್ನುಗಳ ತಟ್ಟೆ ಹಿಡಿದು ನಿಂತಿದ್ದೇನೆ, ಒಬ್ಬೊಬ್ಬರೇ ಬರುತ್ತಾರೆ, ಹೆಸರು, ಊರು, ಕಂಪನಿ, ಇಲ್ಲೀವರೆಗೂ ಬರೋಕೆ ಯಾರು ಕಾರಣ ಹೇಳು, ದೇವರು, ಅಪ್ಪ, ನನ್ನ ಹೆಂಡತಿ ಸರ್ ಆಕೆ ಅಲ್ಲಿ ಕೂತು ಗುರಾಯಿಸ್ತಿದ್ದಾಳೆ, ನಗು, ಪಿನ್ನು, ಚಪ್ಪಾಳೆ — ಮತ್ತೆ ಮೆಟ್ಟಿಲು ಹತ್ತಿ ಬಂದವಳು ಕಾಫಿ ಸಾಲಿನ ಹುಡುಗಿ, ಮುಖ ತಿರುಗಿಸಿದಳು, ಅರ್ನೆಲ್‌ನ ಹಣೆ, ಅರ್ನೆಲ್‌ನ ಗಲ್ಲದ ಕುಳಿ, ಕೂದಲು ಮೋಟಾಗಿ ಕತ್ತರಿಸಿಕೊಂಡಿದ್ದಾಳೆ, ತೆಳ್ಳಗಾಗಿದ್ದಾಳೆ, ಮೈಕಿಗೆ ಬಗ್ಗಿ ಹೇಳುತ್ತಿದ್ದಾಳೆ, ರೋಶೆಲ್ ಅಬ್ರೆನಿಕಾ, ಸೊರ್ಸೊಗೋನ್. ರೋಶೆಲ್, ನಮ್ಮ ಚೆಚೆ. ಅಯ್ಯೋ ಅಬ್ರೆನಿಕಾ, ನೋನೋಯ್ ಹುಬ್ಬು ಹಾರಿಸುತ್ತಾನೆ, ಲೂದಿ ಅಕ್ಕ, ನಿಮ್ಮ ಅಡ್ಡಹೆಸರು ಕದ್ದಿದ್ದಾಳಲ್ಲ ಈ ಹುಡುಗಿ, ಏನಮ್ಮಾ, ನೆಂಟರಾ ನೀವು. ಎಲ್ಲ ಮೇಜುಗಳೂ ನಗುತ್ತಿವೆ, ನಾನು ಬಾಯಿ ತೆರೆದೆ, ಖಂಡಿತ ತೆರೆದೆ, ಹೌದು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವಳು, ತುಂಬ ಸೌಮ್ಯವಾಗಿ, ಅಲ್ಲ ಸರ್, ನಮ್ಮ ಕಡೆ ಆ ಹೆಸರಿನೋರು ಬೇಕಾದಷ್ಟು ಜನ ಇದ್ದಾರೆ. ಸರಿ ಸರಿ, ಯಾರು ಕಾರಣ ಹೇಳು. ನಮ್ಮ ಅಮ್ಮ, ಪೆರ್ಪೆತುವಾ, ಬಟ್ಟೆ ಹೊಲಿದು ಓದಿಸಿದಳು, ಪರೀಕ್ಷೆ ದಿನ ನಾನು ಏಳೋಕೆ ಮುಂಚೆ ಎದ್ದು ಅಂಗಿಗೆ ಇಸ್ತ್ರಿ ಹಾಕಿಡೋಳು, ಈಗ ಇಲ್ಲ. ಸಭೆ ಓಹ್ ಎಂದು ನಿಟ್ಟುಸಿರಿಟ್ಟಿತು, ಎಡ್ನಾ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ನೋನೋಯ್ ಮೈಕಿಗೆ ಬಗ್ಗಿ, ಅಮ್ಮ ಮೇಲಿಂದ ನೋಡ್ತಿದ್ದಾಳೆ ಬಿಡಮ್ಮ. ಅವಳು ನನ್ನೆದುರು ಬಂದು ನಿಂತಳು. ಒಂದು ಗೇಣು. ಅಂಗಿಯ ಕಾಲರಿನ ಗಂಜಿಯ ವಾಸನೆ. ನನ್ನ ಬೆರಳಿಗೆ ಪಿನ್ನು ಸಿಗುತ್ತಿಲ್ಲ, ಸಿಕ್ಕಿದ್ದು ತೆರೆಯುತ್ತಿಲ್ಲ, ಕೊನೆಗೆ ಅವಳೇ ಕಾಲರನ್ನು ಎಳೆದು ಬಿಗಿಯಾಗಿ ಹಿಡಿದುಕೊಟ್ಟಳು, ಗುರುತಿಲ್ಲದವರಿಗೆ ಸಹಾಯ ಮಾಡುವ ಹಾಗೆ. ಚೆಚೆ, ಅಂದೆ, ದನಿ ಹೊರಟಿತೋ ಇಲ್ಲವೋ. ಥ್ಯಾಂಕ್ಯೂ ಮ್ಯಾಡಮ್, ಅಂದಳು, ಫೋಟೋದವನತ್ತ ತಿರುಗಿ ನಕ್ಕಳು, ನಾನೂ ನಕ್ಕೆ, ಆ ಫೋಟೋದಲ್ಲಿ ನಾವಿಬ್ಬರೂ ನಗುತ್ತಿರುತ್ತೇವೆ.

ಊಟದ ಗದ್ದಲ, ಹುರಿದ ಹಂದಿಯಿಲ್ಲದ ನಮ್ಮ ಹಬ್ಬದೂಟ, ನೂಡಲ್ಸು, ಕೋಳಿ, ಯಾರೋ ತಟ್ಟೆ ಕೊಟ್ಟರು, ಯಾರೋ ಅಕ್ಕ ನೀವು ಬಿಳಿಚಿಕೊಂಡಿದ್ದೀರಿ ಅಂದರು, ಎಸಿ ಜಾಸ್ತಿ ಅಂದೆ, ತಟ್ಟೆ ಎಲ್ಲೋ ಇಟ್ಟೆ, ಹೊರಗಿನ ಓಣಿಯಲ್ಲಿ ಪೇರಿಸಿಟ್ಟ ಕುರ್ಚಿಗಳ ಪಕ್ಕ ಅವಳು ಕಿಟಕಿಯತ್ತ ಮುಖ ಮಾಡಿ ನಿಂತಿದ್ದಾಳೆ, ನನ್ನ ಹೆಜ್ಜೆ ಕೇಳಿಯೂ ತಿರುಗಲಿಲ್ಲ. ಯಾವಾಗ ಬಂದೆ, ಅಂದೆ. ರಂಜಾನ್‌ಗೆ ಮುಂಚೆ. ಎಲ್ಲಿದ್ದೀಯಾ. ನಜ್ಮಾದಲ್ಲಿ, ನಿಮ್ಮ ಹಿಂದಿನ ಬೀದಿ. ನನ್ನ ಹಿಂದಿನ ಬೀದಿ, ಅಂದರೆ ಅದೇ ಬ್ರೆಡ್ಡಿನ ಅಂಗಡಿ, ಅದೇ ಔಷಧದ ಅಂಗಡಿ, ರಂಜಾನ್ ಹೋಗಿ ಬೇಸಿಗೆ ಹೋಗಿ ಈಗ ಕಿಟಕಿ ತೆರೆದು ಮಲಗುವ ಕಾಲ, ಇಷ್ಟು ದಿನವೂ — ನನಗೊಂದು ಮಾತು ಹೇಳಬಾರದಿತ್ತೇನೇ. ಹೇಳೋಣ ಅಂತಲೇ ಬಂದಿದ್ದೆ, ಅನ್ನುತ್ತಾಳೆ, ಈಗ ತಿರುಗಿದ್ದಾಳೆ, ಕೋಪವಿಲ್ಲ, ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು, ಬಂದ ಮೊದಲನೇ ಶುಕ್ರವಾರ, ಚರ್ಚಿನ ಅಂಗಳದಲ್ಲಿ, ನೀವೆಲ್ಲ ಸೇರಿ ಹೊಸಬರಿಗೆ ತಿಂಡಿ ಹಂಚ್ತಿದ್ರಿ, ಬಾಳೆಲೇಲಿ ಸುತ್ತಿದ ಸಿಹಿ ಅನ್ನ, ನಾನು ಸಾಲಲ್ಲಿ ನಿಂತೆ, ಎಲ್ಲರಿಗೂ ಮಾಸ್ಕ್ ಇತ್ತು, ನನಗೂ ಇತ್ತು, ನೀಲಿದು, ನನ್ನ ಸರದಿ ಬಂತು, ನೀವು ಪೊಟ್ಟಣ ಕೈಗಿಟ್ರಿ, ಬಿಸಿ ಇದೆ ಹುಷಾರು ಮಗಳೇ ಅಂದ್ರಿ. ಮಗಳೇ — ನಾನು ಎಲ್ಲರನ್ನೂ ಹಾಗೇ ಕರೆಯುವುದು, ಆಫೀಸಿನ ಹುಡುಗಿಯರನ್ನು, ಸೊಪ್ಪಿನವಳನ್ನು, ಲಿಫ್ಟಿನಲ್ಲಿ ಸಿಕ್ಕವರನ್ನು. ಅದನ್ನೇ ಹೇಳ್ತಿದ್ದೀನಿ, ಅಂದಳು, ಎಲ್ಲರನ್ನೂ ಕರೆಯೋ ಹಾಗೇ ಕರೆದ್ರಿ. ನಾನು ತಿರುಗಿ ಸಾಲಿನ ಕೊನೆಗೆ ಹೋಗಿ ನಿಂತೆ. ಎರಡನೇ ಸಲಾನೂ ಕೊಟ್ರಿ. ಆಗ್ಲೇ ಕೊಟ್ಟೆನಲ್ಲಾ ನಿಂಗೆ ಅಂತ ಬೈತೀರೇನೋ ಅಂತ ಕಾದೆ, ಬೈದಿದ್ರೂ ಸಾಕಿತ್ತು ನಂಗೆ, ಬಿಸಿ ಇದೆ ಹುಷಾರು ಮಗಳೇ ಅಂದ್ರಿ. ಮಾಸ್ಕ್ ತೆಗೀಬಹುದಿತ್ತಲ್ಲೇ ಚೆಚೆ, ನನ್ನ ದನಿ ಬೇಡುತ್ತಿದೆ, ಅಸಹ್ಯವಾಗಿ, ಒಂದೇ ಒಂದು ಸಲ ತೆಗೆದಿದ್ರೆ. ಹೌದು, ತೆಗೀಬಹುದಿತ್ತು, ಅಂದಳು, ಅಮ್ಮ ಆಗಿದ್ರೆ ತೆಗೀಬೇಕಾಗ್ತಿರಲಿಲ್ಲ.

ಇವತ್ತು ಹಿಂದಿನಿಂದಲೇ ಗುರುತು ಹಿಡಿದೆ ಕಣೇ, ಕಾಫಿ ಸಾಲಿನಲ್ಲಿ, ಮುಖ ನೋಡದೆಯೇ — ಹೇಳಲು ಹೊರಟವಳು ನಿಂತೆ, ಏಕೆಂದರೆ ನಾನು ಗುರುತು ಹಿಡಿದದ್ದು ಪೆತಾಳನ್ನು. ಹಾಗಾದರೆ ಇವತ್ತು ಯಾಕೆ ಬಂದೆ ಚೆಚೆ, ನಾನಿರ್ತೀನಿ ಅಂತ ಗೊತ್ತಿತ್ತಲ್ಲ. ಅಂಕ ಬೇಕಿತ್ತು ಮ್ಯಾಡಮ್, ಅಂದಳು, ಪರವಾನಗಿಗೆ. ಕೊರಳಿನ ಹಳದಿ ಪಟ್ಟಿ ಸರಿಮಾಡಿಕೊಂಡು, ಮುಂದಿನ ವಾರ ಮಸ್ಕತ್ತಿಗೆ ಹೋಗ್ತಿದ್ದೀನಿ, ಅಲ್ಲಿ ಕೆಲಸ ಸಿಕ್ಕಿದೆ. ನಾನು ಕೈ ಚಾಚಿದೆ, ಅವಳು ಆ ಕೈಯನ್ನು ನೋಡಿದಳು, ಕಿರಿಯರು ಹಿರಿಯರ ಕೈಯನ್ನು ಹಣೆಗೊತ್ತಿಕೊಳ್ಳುವುದು ನಮ್ಮಲ್ಲಿ ಪದ್ಧತಿ, ಅಪರಿಚಿತ ಹಿರಿಯರಿಗೂ ಮಾಡುತ್ತಾರೆ, ಅವಳು ಬಗ್ಗಿ ಹಣೆಗೊತ್ತಿಕೊಂಡಳು, ಹಣೆ ತಣ್ಣಗಿತ್ತು, ಒಳಗೆ ಹೋದಳು.

ಎಷ್ಟು ಹೊತ್ತಾಯಿತು, ನಾನು ಒಳಗೆ ಬಂದು ಕೂತಿದ್ದೇನೆ, ಮಧ್ಯಾಹ್ನದ ಉಪನ್ಯಾಸ ಮುಗಿಯುತ್ತ ಬಂದಿದೆ, ವೃತ್ತಿಧರ್ಮದ ಬಗ್ಗೆ ಯಾರೋ ಹೆಂಗಸು, ದನಿ ಬರುತ್ತದೆ ಪದ ಬರುವುದಿಲ್ಲ, ಅವಳು ಬಾಗಿಲ ಬಳಿಯ ಮೇಜಿನಲ್ಲಿ ಪಕ್ಕದವಳು ಹೇಳಿದ್ದಕ್ಕೆ ನಗುತ್ತ ಏನೋ ಬರೆದುಕೊಳ್ಳುತ್ತಿದ್ದಾಳೆ, ಎದ್ದು ಹೋಗಿ ಎಲ್ಲರೆದುರೂ ಹೇಳಿಬಿಡಬೇಕು, ಇವಳು ನನ್ನವಳು, ಹೇಳಿದರೆ ಎಡ್ನಾ ಕೇಳುತ್ತಾಳೆ ಹಾಗಾದ್ರೆ ಮನಿಲಾ, ನೋನೋಯ್ ಕೇಳುತ್ತಾನೆ ಹಾಗಾದ್ರೆ ಪೆರ್ಪೆತುವಾ, ಅವಳೋ ಮತ್ತೆ ಅಷ್ಟೇ ಸೌಮ್ಯವಾಗಿ ಹೇಳುತ್ತಾಳೆ, ಅಲ್ಲ ಸರ್. ನೆನಪು ಮಾಡಿಕೊಳ್ಳಬೇಕು, ಆ ಶುಕ್ರವಾರ ಒಂದನ್ನು, ಬಿಸಿಲು, ಮಡಚುವ ಮೇಜು, ನನ್ನ ಪಕ್ಕ ಎಡ್ನಾ ಪೊಟ್ಟಣ ಎಣಿಸಿಕೊಡುತ್ತಿದ್ದಾಳೆ, ಬಾಳೆಲೆಯ ಹಬೆ, ಕೈಗಳು ಬರುತ್ತವೆ, ಸಿಮೆಂಟು ಹಿಡಿದು ಒಡೆದ ಗಂಡಸರ ಕೈಗಳು, ಸೋಪಿನ ನೀರಿನಲ್ಲಿ ಬಿಳುಪೇರಿದ ಕೈಗಳು, ಉಗುರು ಬಣ್ಣದ ಕೈಗಳು, ಇವುಗಳಲ್ಲಿ ಯಾವುದು, ಕೈಯಿಂದ ಮೇಲಕ್ಕೆ ಹೋಗು, ತೋಳು, ಭುಜ, ನೀಲಿ ಮಾಸ್ಕು, ಮಾಸ್ಕಿನ ಮೇಲೆ ಎರಡು ಕಣ್ಣು, ಕಣ್ಣು ನನ್ನನ್ನೇ ನೋಡುತ್ತಿರಬೇಕು, ಖಂಡಿತ ನೋಡುತ್ತಿದ್ದವು, ಆದರೆ ನಾನು ಆಗಲೇ ಹಿಂದಿನವರತ್ತ ಕತ್ತು ಚಾಚಿದ್ದೇನೆ, ಮುಂದೆ ಬನ್ನಿ, ಮುಂದೆ ಬನ್ನಿ — ಲೂದಿ ಅಕ್ಕ, ವಂದನಾರ್ಪಣೆ ನಿಮ್ಮದು, ಎಡ್ನಾ ಪಿಸುಗುಡುತ್ತಿದ್ದಾಳೆ, ಏಳಿ, ಹೆಸರು ಕರೆದ್ರು, ಎದ್ದೆ, ವೇದಿಕೆಯ ಮೆಟ್ಟಿಲು, ಮೈಕು, ಆತ್ಮೀಯ ಸದಸ್ಯರೇ ಅಂದೆ, ಮತ್ತೆ ಮೊದಲಿನಿಂದ ನೋಡಬೇಕು, ಕೈ ಬರುತ್ತದೆ, ಪೊಟ್ಟಣ ಇಡುತ್ತೇನೆ, ನೀಲಿ ಮಾಸ್ಕು, ಅದರ ಮೇಲೆ ಎರಡು ಕಣ್ಣು, ಅವು ಯಾವ ಕಣ್ಣು, ಒದ್ದೆಯಾಗಿದ್ದವಾ, ನಗುತ್ತಿದ್ದವಾ, ಸಭೆ ಕಾಯುತ್ತಿದೆ, ಯಾರೋ ಕೆಮ್ಮಿದರು, ಬಾಗಿಲ ಬಳಿಯ ಕುರ್ಚಿ ಖಾಲಿಯಾಗಿದೆ, ಕೈ ಬರುತ್ತದೆ, ಪೊಟ್ಟಣ, ನೀಲಿ ಮಾಸ್ಕು, ಎರಡು ಕಣ್ಣು, ನಾನು ಹಿಂದಿನವರತ್ತ, ನೀಲಿ ಮಾಸ್ಕು, ಎರಡು ಕಣ್ಣು, ನೀಲಿ, ಎರಡು ಕಣ್ಣು