ಹಾರ್ನ್ ಮೇಡಂ ಬ್ರೇಕ್ ತುಳಿದದ್ದು

ಹಾರ್ನ್ ಮೇಡಂ ಅವರ ಕಾರಿಗೆ ಹಾರ್ನ್ ಇರಲಿಲ್ಲವೆಂದಲ್ಲ, ಅದನ್ನು ಒತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಡ್ರೈವಿಂಗ್ ಕಲಿಸುವ ಆ ಪುಟ್ಟ ಕಾರಿನಲ್ಲಿ, ಕಲಿಯುವವರ ಪಕ್ಕ ಕೂತು ಅವರು ಬಾಯಿ ತೆರೆದರೆ ಸಾಕು, ಎದುರಿಗೆ ಬರುವ ಬಸ್ಸೂ ಪಕ್ಕಕ್ಕೆ ಸರಿಯುತ್ತಿತ್ತು. ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲೆಂದು ಮೇಡಂ ಕಾಲಬುಡದಲ್ಲೂ ಒಂದು ಬ್ರೇಕ್ ಇತ್ತು. ಅದನ್ನು ತುಳಿಯುತ್ತಿದ್ದುದೂ ಕಡಿಮೆಯೇ. "ಬೈದು ಹೇಳೋರು ಬದುಕೋಕೆ ಹೇಳ್ತಾರೆ" ಎನ್ನುವುದು ಅವರ ಪಾಠದ ಮೊದಲನೆಯ ಸೂತ್ರ. ಎರಡನೆಯದು ಇರಲಿಲ್ಲ.

ಕಾರು ಕಲಿಯಲು ಬಂದು ಇಂಥವರ ಕೈಗೆ ಸಿಕ್ಕಿಬಿದ್ದಿದ್ದರು ಮೇಷ್ಟ್ರು. ಮೇಡಂ ಅವರ ಮಗಳು ಪುಟ್ಟಿ ಓದುತ್ತಿದ್ದ ಮೂರನೇ ತರಗತಿಗೆ ಪಾಠ ಹೇಳುವವರು. ಇರುವೆಗೂ ದಾರಿ ಬಿಟ್ಟು ನಡೆಯುವ ಸಾಧು ಪ್ರಾಣಿ. ಕಾರು ಹತ್ತಿದಾಗಲೆಲ್ಲ ಅವರು ಗಂಟಲು ಸರಿಮಾಡಿಕೊಂಡು "ಮೇಡಂ, ಪುಟ್ಟಿ ವಿಷಯ ಒಂದು ಮಾತು..." ಎಂದು ಶುರುಮಾಡುವುದು, ಮೇಡಂ "ರಸ್ತೆ ನೋಡ್ರೀ!" ಎಂದು ಗದರುವುದು, ಕಾರು ಗಕ್ಕನೆ ನಿಂತುಬಿಡುವುದು, ಹೀಗೇ ನಡೆದುಕೊಂಡು ಬಂದಿತ್ತು. ಮೇಷ್ಟ್ರು ಪುಟ್ಟಿಯನ್ನು ಹೊಗಳಲು ಹೊರಟಿದ್ದಾರೆಂದೇ ಮೇಡಂ ತಿಳಿದಿದ್ದರು. ಪಾಠದ ನಡುವೆ ಹೊಗಳಿಸಿಕೊಳ್ಳಲು ಹೊತ್ತೆಲ್ಲಿ?

ಆ ಶನಿವಾರ ಮನೆಯಲ್ಲಿ ಅಜ್ಜಿ ಇರಲಿಲ್ಲವಾದ್ದರಿಂದ ಪುಟ್ಟಿಯೂ ಹಿಂದಿನ ಸೀಟಿನಲ್ಲಿದ್ದಳು. ನಾಲ್ಕು ರಸ್ತೆ ಕೂಡುವಲ್ಲಿ ಹಸಿರು ದೀಪ ಹತ್ತಿತು. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಹಸಿರು ಬಿದ್ದು ಎಷ್ಟೊತ್ತಾಯ್ತು! ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಜೀವನ ಮಾಡ್ತಿದ್ದೀರಾ?" ಎಂದರು ಮೇಡಂ.

"ನಿಮ್ ಕೈಗೆ ಸ್ಟೇರಿಂಗ್ ಕೊಟ್ಟೋರ್ಯಾರ್ರೀ?" ಎಂದು ಹಿಂದಿನಿಂದ ಪುಟ್ಟಿ ಮುಗಿಸಿದಳು. ಅಮ್ಮನ ಮುಂದಿನ ಸಾಲು ಅದೇ. ಅವಳಿಗೆ ಎಲ್ಲವೂ ಬಾಯಿಪಾಠ.

ಮೇಷ್ಟ್ರ ಮುಖ ಕೆಂಪಾಯಿತು. ಅವರು ಗಾಡಿ ಶುರುಮಾಡಿ, ರಸ್ತೆ ದಾಟಿ, ಒಂದು ಔಷಧಿ ಅಂಗಡಿಯ ಮುಂದೆ ಅಚ್ಚುಕಟ್ಟಾಗಿ ತಂದು ನಿಲ್ಲಿಸಿದರು. ಅಷ್ಟು ಚೆನ್ನಾಗಿ ಅವರು ಎಂದೂ ನಿಲ್ಲಿಸಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿದರು. "ಮೇಡಂ, ನಿಮ್ಮ ಮಗಳು ಕ್ಲಾಸಲ್ಲಿ ಒಂದು ಮಗೂಗೆ ತುಂಬಾ ಕಾಟ ಕೊಡ್ತಿದ್ದಾಳೆ."

"ನನ್ನ ಮಗಳಾ? ಅವಳಿಗೇ ಯಾರೋ ಕಾಟ ಕೊಡ್ತಿದ್ದಾರೆ ಅನ್ನಿ, ಈಗಲೇ ಅವರ ಮನೆಗೆ ಹೋಗಿಬರ್ತೀನಿ."

"ನಿಧಾನವಾಗಿ ಓದೋ ಹುಡುಗಿ ಮೇಡಂ, ಎರಡು ಜಡೆಯವಳು. ಪುಸ್ತಕ ಹಿಡಿದು ನಿಂತ್ರೆ ಸಾಕು, ಪುಟ್ಟಿ 'ಹಸಿರು ಬಿದ್ದು ಎಷ್ಟೊತ್ತಾಯ್ತು, ಮುಂದಿನ ಸಾಲಿಗೆ ಹೋಗೇ' ಅಂತಾಳೆ. 'ನಿನ್ನ ಕೈಗೆ ಪುಸ್ತಕ ಕೊಟ್ಟೋರ್ಯಾರು' ಅಂತಾಳೆ. ಈಗ ಇಡೀ ಕ್ಲಾಸು ಅವಳನ್ನ ಕರೆಯೋದೇ ಹ್ಯಾಂಡ್‌ಬ್ರೇಕ್ ಅಂತ. ನಾನು ಹೇಳಿದ್ರೆ ಸುಮ್ಮನಾಗ್ತಾರೆ, ಬೆನ್ನು ತಿರುಗಿಸಿದ್ರೆ ಮತ್ತೆ ಶುರು. ಆ ಮಗು ಓದೋದನ್ನೇ ಬಿಟ್ಟಿದೆ. ಶಾಲೆನೇ ಬಿಡಿಸ್ತೀವಿ ಅಂತಿದ್ದಾರೆ ಅವರಮ್ಮ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಡಂ ಕೈಯೂ ತಾನಾಗಿ ಹೆಗಲಿಗೆ ಹೋಗಿ, ಸರಿಯಾಗಿಯೇ ಇದ್ದ ಸೀಟ್‌ಬೆಲ್ಟನ್ನು ಸರಿಮಾಡಿತು. ಆಮೇಲೆ ಅವರು ಹಿಂದಕ್ಕೆ ತಿರುಗಿ ಮಗಳ ಮೇಲೆ ಹರಿಹಾಯ್ದರು.

"ನಾಚಿಕೆ ಆಗಲ್ವೇನೇ? ತಲೇಲಿ ಮಿದುಳಿದ್ಯೋ ಇಂಜಿನ್ ಆಯಿಲ್ ಇದ್ಯೋ?"

"ಸಾರ್, ಇದನ್ನೂ ಅಂದಿದ್ದೆ ಅವಳಿಗೆ. ನೀವು ಹೇಳೋಕೆ ಮರೆತ್ರಿ" ಎಂದಳು ಪುಟ್ಟಿ. ತೆರೆದ ಬಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಡಂ ಹಾಗೇ ಕೂತರು. ಪುಟ್ಟಿ ಬಿಡಲಿಲ್ಲ. "ಬೈದ್ರೆ ತಾನೇ ಅಮ್ಮ ಕಲಿಯೋದು? ನೀನೇ ಹೇಳ್ತೀಯ. ಸಾರ್ ಕಲೀತಿಲ್ವಾ?"

ಅಮ್ಮ ಮಗಳು ಇಬ್ಬರೂ ಮೇಷ್ಟ್ರ ಕಡೆ ನೋಡಿದರು.

"ಇಲ್ಲ ಪುಟ್ಟಿ" ಎಂದರು ಮೇಷ್ಟ್ರು, ಸ್ಟೇರಿಂಗನ್ನೇ ನೋಡುತ್ತ. "ನಿಮ್ಮಮ್ಮ ಗದರಿದ ತಕ್ಷಣ ಬ್ರೇಕ್ ಯಾವುದು, ಕ್ಲಚ್ ಯಾವುದು ಎಲ್ಲಾ ಮರೆತುಹೋಗುತ್ತೆ. ಕಾರು ಹತ್ತೋ ದಿನ ಬೆಳಗ್ಗೆಯಿಂದಲೇ ನನಗೆ ಹೊಟ್ಟೆನೋವು."

ಪುಟ್ಟಿ ಕಿಟಕಿಯ ಗಾಜಿನ ಮೇಲೆ ಗೀಚುತ್ತಿದ್ದ ಬೆರಳು ನಿಲ್ಲಿಸಿದಳು. "ಅವಳಿಗೂ ಓದೋ ಪೀರಿಯಡ್ ಬಂದ್ರೆ ಹೊಟ್ಟೆನೋವು ಬರುತ್ತೆ" ಎಂದಳು ಮೆಲ್ಲಗೆ. "ನಾಟಕ ಅಂದ್ಕೊಂಡಿದ್ದೆ."

ಮೇಡಂಗೆ ನಾಚಿಕೆಯಾಯಿತು. ಮಗಳ ಮುಂದೆ ನಾಚಿಕೆ, ಮೇಷ್ಟ್ರ ಮುಂದೆ ಅದಕ್ಕಿಂತ ಹೆಚ್ಚು. ಇಷ್ಟು ದಿನ ಈ ಮನುಷ್ಯ ಹೊಟ್ಟೆ ಹಿಡಿದುಕೊಂಡು ಬಂದು, ಯಾರದೋ ಮಗುವಿಗಾಗಿ ಒಂದು ಮಾತು ಆಡಲು ಒದ್ದಾಡಿದರಲ್ಲ!

"ತಪ್ಪಾಯ್ತು ಮೇಷ್ಟ್ರೇ. ನನ್ನ ಬಾಯಿ ಸ್ವಲ್ಪ ಜೋರು."

"ಸ್ವಲ್ಪನಾ?" ಎಂದಿತು ಹಿಂದಿನ ಸೀಟು.

"ನೀನೂ ಸೋಮವಾರ ಅವಳ ಹತ್ರ ಹೋಗಿ ತಪ್ಪಾಯ್ತು ಅನ್ನಬೇಕು."

"ಅಂತೀನಿ. ಆದ್ರೆ ಅವಳು ಮತ್ತೆ ಓದೋಕೆ ನಿಂತ್ರೆ ನನಗೆ ಬಾಯಿಗೆ ಬಂದೇಬರುತ್ತೆ. ಆವಾಗ ಏನ್ಮಾಡ್ಲಿ?"

"ನನಗೂ ಬರುತ್ತೆ ಕಣೇ. ಇರು, ನೋಡೋಣ. ಮೇಷ್ಟ್ರೇ, ಹೊರಡಿ."

ಮೇಷ್ಟ್ರು ಹೊರಟರು. ಗೇರು ಗರ್ರ್ ಎಂದಿತು. ಮೇಡಂ ನಾಲಿಗೆಯ ತುದಿಗೆ ಮಾತೊಂದು ಬಂದು ನಿಂತಿತು. ಅದನ್ನು ನುಂಗಲು ಅವರು ಹಲ್ಲು ಕಚ್ಚಿ ಕಾಲು ಊರಿದರು. ಕಾಲ ಕೆಳಗಿದ್ದದ್ದು ಬ್ರೇಕು. ಕಾರು ಗಕ್ಕನೆ ನಿಂತಿತು.

"ಅಯ್ಯೋ, ನಾನೇನೂ ಮಾಡಿಲ್ಲ ಮೇಡಂ!"

"ನಾನೇ ಮೇಷ್ಟ್ರೇ. ಮಾತು ಬಂತು, ತುಳಿದೆ. ನಡೀರಿ."

ತಿರುವಿನಲ್ಲಿ ಮತ್ತೆ ಬಂತು, ಮತ್ತೆ ತುಳಿದರು. ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ಅವರನ್ನು ಹಿಂದೆ ಹಾಕಿ ಹೋದ. ಹಿಂದೆ ಗಾಡಿಗಳು ಸಾಲುಗಟ್ಟಿದವು. ಮೇಡಂ ಗಂಟಲನ್ನೇ ಕೇಳಿ ರೂಢಿಯಾಗಿದ್ದ ಆ ಬೀದಿ ಅವತ್ತು ನಿಜವಾದ ಹಾರ್ನ್‌ಗಳನ್ನು ಕೇಳಿತು. ಪುಟ್ಟಿ ಎರಡು ಸೀಟುಗಳ ನಡುವೆ ತಲೆ ತೂರಿಸಿ ಅಮ್ಮನ ಕಾಲನ್ನೇ ನೋಡುತ್ತಿದ್ದಳು. ಕೊನೆಯ ರಸ್ತೆಗೆ ಬರುವಷ್ಟರಲ್ಲಿ ತುಳಿಯುವುದು ಕಡಿಮೆಯಾಗಿತ್ತು, ಯಾಕೆಂದರೆ ಬೈಯುವಂಥದ್ದೂ ಕಡಿಮೆಯಾಗಿತ್ತು. ಮೇಷ್ಟ್ರಿಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಎರಡೂ ಗೊತ್ತಿತ್ತು.

ಸೋಮವಾರ ಪುಟ್ಟಿ ಕುಂಟುತ್ತ ಮನೆಗೆ ಬಂದಳು.

"ತಪ್ಪಾಯ್ತು ಅಂದ್ಯಾ?" ಎಂದು ಮೇಡಂ ಬಾಗಿಲಲ್ಲೇ ಕೇಳಿದರು.

"ಅಂದೆ. ಅವಳು ಮಾತೇ ಆಡ್ಲಿಲ್ಲ. ಆಮೇಲೆ ಓದೋಕೆ ನಿಂತ್ಲು. ಹಿಂದಿನ ಬೆಂಚಿನವರು ಹ್ಯಾಂಡ್‌ಬ್ರೇಕ್ ಅಂದ್ರು. ಅದು ನಮ್ಮ ಕಾರಿನ ಮಾತು, ನಮಗೆ ವಾಪಸ್ ಕೊಡಿ, ಇನ್ನು ನೀವು ಆಡೋ ಹಾಗಿಲ್ಲ ಅಂದೆ. ಒಂದಿಡೀ ಪುಟ ಓದಿದ್ಲು ಅಮ್ಮ! ಎಷ್ಟು ನಿಧಾನ ಗೊತ್ತಾ? ಪೀರಿಯಡ್ಡೇ ಮುಗೀತು."

"ನೀನೇನು ಮಾಡ್ತಿದ್ದೆ?"

"ಬೆಂಚಿನ ಕೆಳಗೆ ತುಳೀತಾ ಇದ್ದೆ" ಎಂದು ಪುಟ್ಟಿ ಕಾಲು ಚಾಚಿದಳು. "ತುಂಬಾ ನೋಯ್ತಿದೆ."

ಮೇಡಂ ಅಲ್ಲೇ ಕೂತು ಆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದರು. ಅವರ ಕಾಲೂ ಶನಿವಾರದಿಂದ ನೋಯುತ್ತಿತ್ತು.