ಎದುರಿನ ಕಟ್ಟಡದ ಇಳಿಜಾರು

ನಮ್ಮ ಮನೆಯೆದುರಿನ ಖಾಲಿ ಜಾಗದಲ್ಲಿ ಗ್ರಂಥಾಲಯ ಕಟ್ಟುತ್ತಾರೆ ಎಂಬ ಸುದ್ದಿ ತಂದವರು ನಮ್ಮ ಅತ್ತೆ. ಅಲ್ಲಿ ಅದು ಬರುತ್ತದೆ, ಇದು ಬರುತ್ತದೆ ಎಂದು ಅವರು ಹಿಂದೆಯೂ ಹೇಳಿದ್ದುಂಟು. ಹಾಗಾಗಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಹಾಕಿಕೊಂಡಳು.

ಹಳೆಯ ಗ್ರಂಥಾಲಯ ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ನಡೆಯಲಾರದ ಅವಳನ್ನು ಅವರಪ್ಪ ಹೊತ್ತುಕೊಂಡು ಹತ್ತುತ್ತಿದ್ದರು. ದೊಡ್ಡವಳಾಗುತ್ತಾ ಬಂದ ಹಾಗೆ ಅವಳೇ ಬೇಡವೆಂದಳು. ಅಪ್ಪನಿಗೆ ಸೊಂಟ ನೋವು ಎಂದು ಕಾರಣ ಕೊಟ್ಟಳು. ಅಪ್ಪನ ಸೊಂಟ ಚೆನ್ನಾಗಿಯೇ ಇತ್ತು.

ಕಟ್ಟಡದ ಯೋಜನೆ ತೋರಿಸಲು ಒಬ್ಬ ಆರ್ಕಿಟೆಕ್ಟ್ ಹುಡುಗಿ ರಟ್ಟಿನಲ್ಲಿ ಮಾಡಿದ ಪುಟ್ಟ ಮಾದರಿ ಹಿಡಿದುಕೊಂಡು ಬಂದಳು. ಬೀದಿಯವರೆಲ್ಲ ಸೇರಿದ್ದೆವು. ಗಾಡಿ ಎಲ್ಲಿ ನಿಲ್ಲಿಸುವುದು, ಕಸ ಎಲ್ಲಿ ಹಾಕುವುದು ಎಂದು ಒಬ್ಬೊಬ್ಬರೂ ಕೇಳಿ ಮುಗಿಸಿದ ಮೇಲೆ ನನ್ನ ಮಗಳು ಗಾಲಿಕುರ್ಚಿಯನ್ನು ಮುಂದಕ್ಕೆ ಉರುಳಿಸಿಕೊಂಡು ಹೋದಳು.

"ಇದರಲ್ಲಿ ನಾನು ಎಲ್ಲಿಂದ ಒಳಗೆ ಹೋಗೋದು?"

ಆ ಹುಡುಗಿ ಮಂಡಿಯೂರಿ ಕೂತು, ಪಕ್ಕದ ಗೋಡೆಗುಂಟ ಅಂಟಿಸಿದ್ದ ರಟ್ಟಿನ ಪಟ್ಟಿ ತೋರಿಸಿದಳು. ಇಳಿಜಾರು ದಾರಿ. "ಇಲ್ಲಿಂದ."

"ಯಾರೂ ತಳ್ಳದೆ?"

"ಯಾರೂ ತಳ್ಳದೆ."

ಒಳಗೆ ಕಿಟಕಿಯ ಪಕ್ಕ, ಗಾಲಿಕುರ್ಚಿ ಕೆಳಗೆ ಹಿಡಿಸುವಂಥ ಒಂದು ಮೇಜನ್ನೂ ಹಾಕುತ್ತೇನೆ ಎಂದಳು. ಮಾತಿಗೆ ಹೇಳಿದ್ದೆಂದು ನಾನು ತಿಳಿದಿದ್ದೆ. ಆದರೆ ಮುಂದಿನ ವಾರವೇ ಅವಳು ಒಂದು ಉದ್ದ ಹಲಗೆ ಹೊರಿಸಿಕೊಂಡು ನಮ್ಮ ಅಂಗಳಕ್ಕೆ ಬಂದಳು. ಹಲಗೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು, ತೆಗೆದು, ಮತ್ತೆ ಕೊಟ್ಟು, ಎಷ್ಟು ಏರನ್ನು ನನ್ನ ಮಗಳ ತೋಳು ತಾನಾಗಿ ಹತ್ತುತ್ತದೆ ಎಂದು ನೋಡಿದಳು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂಬುದು ನಿಯಮವಂತೆ. ಮಗಳ ತೋಳೂ ಅದನ್ನೇ ಹೇಳಿತು. ಅಭ್ಯಾಸ ಮಾಡುತ್ತಿರು ಎಂದು ಹಲಗೆಯನ್ನು ಇಲ್ಲೇ ಬಿಟ್ಟುಹೋದಳು. ಅತ್ತೆ ಅವಳಿಗೆ ರಟ್ಟಿನ ಮನೆ ಹುಡುಗಿ ಎಂದು ಹೆಸರಿಟ್ಟರು. ಇವಳ ಕೈಲಿ ಕೋಳಿಗೂಡನ್ನೂ ಕಟ್ಟಿಸಲ್ಲಪ್ಪ ಅಂದರೂ, ಅವಳು ಬಂದಾಗ ಮೊದಲು ಕುರ್ಚಿ ಒರೆಸಿ ಕೊಡುತ್ತಿದ್ದವರೂ ಅವರೇ.

ಅನುಮತಿ ಸಿಗುವ ಹೊತ್ತಿಗೆ ಒಂದು ವರ್ಷ ಕಳೆಯಿತು. ಸಂಜೆ ನಾನು ಒಣಗಿದ ಬಟ್ಟೆ ತೆಗೆಯುವಾಗ ಮಗಳು ಹಲಗೆ ಹತ್ತಿ ಇಳಿಯುತ್ತಿದ್ದಳು. ಕೊನೆಗೂ ಪಾಯ ತೋಡಿದರು. ತೋಡಿದ ವಾರದಲ್ಲೇ ಜೋರು ಮಳೆ ಬಂದು, ಬೀದಿಯ ಚರಂಡಿ ಉಕ್ಕಿ, ಗುಂಡಿ ಕೆರೆಯಾಯಿತು. ಹೀಗಾದರೆ ಪುಸ್ತಕಗಳ ಗತಿ ಏನು ಎಂದು ಇಂಜಿನಿಯರು ನೆಲವನ್ನು ಇನ್ನೂ ಎರಡಡಿ ಏರಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಏರಿಸುತ್ತಿದ್ದೆ.

ನೆಲ ಏರಿತು, ಇಳಿಜಾರಿನ ಜಾಗ ಮಾತ್ರ ಮೊದಲಿನಷ್ಟೇ ಉಳಿಯಿತು. ಒಂದೂವರೆ ಅಡಿ ಎತ್ತರಕ್ಕೆಂದು ಬಿಟ್ಟ ಹದಿನೆಂಟು ಅಡಿಯಲ್ಲಿ ಈಗ ಮೂರೂವರೆ ಅಡಿ ಹತ್ತಬೇಕು. ಆಚೆಗೆ ಕಾಂಪೌಂಡು. ಮುಂದಿನ ಅಂಗಳದಲ್ಲಿ ತಿರುವು ಕೊಟ್ಟು ಉದ್ದ ಮಾಡಬಹುದು ಎಂದು ರಟ್ಟಿನ ಮನೆ ಹುಡುಗಿ ಹೊಸ ನಕ್ಷೆ ಬರೆದಳು. ಅಂಗಳ ಅಧಿಕಾರಿಗಳ ಕಾರಿಗೆ ಬೇಕಿತ್ತು. ಇನ್ನೊಂದು ಸಲ ಹೇಳಿ ನೋಡುತ್ತೇನೆ ಎಂದು ನನಗೆ ಫೋನು ಮಾಡಿದ್ದಳು. ಆಮೇಲೆ ಮಾಡಲಿಲ್ಲ.

ಇಳಿಜಾರಿನ ಕಾಂಕ್ರೀಟಿಗೆ ಹಳೆಯ ಉದ್ದಕ್ಕೇ ಹಲಗೆ ಕಟ್ಟಿದ್ದನ್ನು ತಾರಸಿಯಿಂದ ನೋಡಿ, ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಗುತ್ತಿಗೆದಾರನ ಬಳಿ ಹೋದೆ.

"ಅಮ್ಮಾ, ಇಳಿಜಾರು ಬೇಕು ಅಂದ್ರು, ಮಾಡಿದೀವಿ," ಎಂದ ಅವನು, ಬೇಸರವಿಲ್ಲದೆ. "ಕಾಗದದಲ್ಲಿ ಎಲ್ಲಾ ಸರಿಯಾಗಿದೆ."

ಮಗಳಿಗೆ ಹೇಗೆ ಹೇಳಲಿ ಎಂದುಕೊಳ್ಳುತ್ತಲೇ ಮನೆಗೆ ಬಂದರೆ, ಅಂಗಳದ ಹಲಗೆಯ ಕೆಳಗೆ ಇಟ್ಟಿಗೆಗಳ ರಾಶಿ ಎದ್ದಿತ್ತು.

"ದಿನಾ ಒಂದೊಂದು ಏರಿಸು ಅಜ್ಜಿ ಅಂದ್ಲು ಕಣೇ," ಎಂದರು ಅತ್ತೆ. "ಆಟ ಅಂದ್ಕೊಂಡೆ."

ಕಿಟಕಿಯಲ್ಲಿ ಕೂತು ಮಗಳು ಎಲ್ಲವನ್ನೂ ನೋಡಿದ್ದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದಿದ್ದವು. ನಾನು ಎಣ್ಣೆ ಹಚ್ಚುತ್ತಿದ್ದಾಗ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು, "ಅಲ್ಲಿಯಷ್ಟು ಏರು ಬರೋಕೆ ಇನ್ನೂ ಎರಡು ಇಟ್ಟಿಗೆ ಬಾಕಿ ಇದೆ ಅಮ್ಮ. ಆದ್ರೆ ಈಗ್ಲೇ ಹತ್ತೋಕೆ ಆಗ್ತಿಲ್ಲ."

ಆದರೂ ಉದ್ಘಾಟನೆಯ ದಿನ ಹೊಸ ಬಟ್ಟೆ ಹಾಕಿಕೊಂಡು ಹೊರಟಳು. ಕುರ್ಚಿಗೆ ಕೈ ಮುಟ್ಟಿಸಬಾರದು ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಇಳಿಜಾರಿಗೆ ಥಳಥಳಿಸುವ ಸ್ಟೀಲಿನ ಕಂಬಿ ಹಾಕಿದ್ದರು, ಬುಡದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದಿದ್ದರು. ಫೋಟೋದವನು ಅವಳನ್ನು ಆ ಚಿತ್ರದ ಪಕ್ಕ ನಿಲ್ಲಿಸಿ ತೆಗೆದುಕೊಂಡ. ಅವಳು ಹತ್ತತೊಡಗಿದಳು. ಅರ್ಧಕ್ಕೂ ಮೊದಲೇ ತೋಳು ನಡುಗಿ, ಗಾಲಿ ನಿಂತು, ಹಿಂದಕ್ಕೆ ಜಾರಿತು. ಕೈ ಮುಟ್ಟಿಸಲಿಲ್ಲ ನಾನು, ಗಾಲಿಗೆ ಕಾಲು ಕೊಟ್ಟೆ.

ಗುತ್ತಿಗೆದಾರ ಇಬ್ಬರನ್ನು ಕರೆದುಕೊಂಡು ಓಡಿ ಬಂದ. "ಎತ್ತಿಬಿಡ್ತೀವಿ ಪುಟ್ಟಿ, ಎಷ್ಟು ಹೊತ್ತಿನ ಕೆಲಸ."

"ದಿನಾ ಬರ್ತೀರಾ?" ಎಂದಳು.

ರಟ್ಟಿನ ಮನೆ ಹುಡುಗಿ ಮೇಲಿನಿಂದ ಇಳಿದು ಬಂದು, ಅವತ್ತಿನ ಹಾಗೆಯೇ ಮಂಡಿಯೂರಿದಳು. ಮೇಜು ಹಾಕಿದ್ದೀರಾ ಎಂದು ಮಗಳೇ ಕೇಳಿದಳು. ಅವಳು ಹೌದೆಂದು ತಲೆಯಾಡಿಸಿದಳು. ನಾವು ಮನೆಗೆ ಬಂದೆವು.

ಹಲಗೆಯ ಮೇಲೆ ಈಗ ಅತ್ತೆಯ ಹೂಕುಂಡಗಳಿವೆ. ವಾರಕ್ಕೊಮ್ಮೆ ಅಡಿಗೆ ಮುಗಿಸಿ ನಾನೇ ಗ್ರಂಥಾಲಯಕ್ಕೆ ಹೋಗುತ್ತೇನೆ. ಮೇಜು ನಿಜಕ್ಕೂ ಅಲ್ಲಿದೆ. ಗಾಲಿಕುರ್ಚಿಯವರಿಗೆ ಮಾತ್ರ ಎಂದು ಬರೆದಿರುವುದರಿಂದ ಅಲ್ಲಿ ಯಾರೂ ಕೂರುವುದಿಲ್ಲ. ಅದರ ಪಕ್ಕದ ಕಿಟಕಿಯಿಂದ ನಮ್ಮ ಕಿಟಕಿ ಕಾಣುತ್ತದೆ. ಮೊದಮೊದಲು ನಾನು ಒಂದೊಂದೇ ಪುಸ್ತಕ ಎತ್ತಿ ಹಿಡಿಯುತ್ತಿದ್ದೆ, ಬೇಕಾದ್ದಕ್ಕೆ ಮಗಳು ಅಲ್ಲಿಂದಲೇ ಕೈ ಎತ್ತುತ್ತಿದ್ದಳು. ಬರಬರುತ್ತ, ಯಾವುದಾದ್ರೂ ತಾ ಅಮ್ಮ, ಅನ್ನತೊಡಗಿದಳು.

ನಿನ್ನೆ ನಮ್ಮ ಕಿಟಕಿಯ ಪರದೆ ಎಳೆದಿತ್ತು. ಕೈಯಲ್ಲಿ ಮೂರು ಪುಸ್ತಕ ಹಿಡಿದು ಸ್ವಲ್ಪ ಹೊತ್ತು ಆ ಮೇಜಿನ ಬಳಿ ನಿಂತಿದ್ದೆ. ಯಾವುದೆಂದು ತಿಳಿಯದೆ ಮೂರನ್ನೂ ತಂದೆ.