ಕಣ್ಣೀರಿನ ಸಾಲು

ದೊಡ್ಡಪ್ಪ ವಂಶಚರಿತ್ರೆ ಅಚ್ಚು ಹಾಕಿಸಲು ಹೊರಟಿದ್ದರು. ಮುಖಪುಟಕ್ಕೆ ಮುತ್ತಜ್ಜನ ಸಮಾಧಿಕಲ್ಲಿನ ಫೋಟೋ: ‘ಮಗನ ಕಣ್ಣೀರಿನಲ್ಲಿ ಸದಾ ಜೀವಂತ.’ ಮನೆಗೆ ಬಂದವರಿಗೆಲ್ಲ ಆ ಸಾಲನ್ನು ಓದಿ ಹೇಳಿ ತಲೆ ತಿನ್ನುತ್ತಿದ್ದರು. ಅವರ ತಮ್ಮನ ಮಗಳು ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ನಾಲ್ಕು ವಾರ ಧೂಳು ಕುಡಿದು, ಮುತ್ತಜ್ಜನ ಆಸ್ತಿ ವ್ಯಾಜ್ಯದ ಕಡತವನ್ನು ಹುಡುಕಿ ನಕಲು ತಂದಳು.

"ಓದು, ನಮ್ಮ ಮನೆತನ ಎಂಥದ್ದು ಅಂತ ಗೊತ್ತಾಗ್ಲಿ," ಎಂದು ದೊಡ್ಡಪ್ಪ ಕಾಲ ಮೇಲೆ ಕಾಲು ಹಾಕಿ ಕೂತರು.

ಅವಳು ಓದಿದಳು. ಮುತ್ತಜ್ಜ ಸತ್ತು ಒಂಬತ್ತು ವರ್ಷವಾದರೂ ಅವನ ಸಮಾಧಿಗೆ ಯಾರೂ ಒಂದು ಇಟ್ಟಿಗೆ ಕೂಡ ಇಟ್ಟಿರಲಿಲ್ಲ. ತಂದೆಯನ್ನು ಪ್ರೀತಿಯಿಂದ ನೋಡಿಕೊಂಡ ಮಗನಿಗೇ ಮನೆ ಎಂಬ ಉಯಿಲು ಹೊರಬಿದ್ದದ್ದೇ ತಡ, ಹಿರಿಮಗನಿಗೆ, ಅಂದರೆ ದೊಡ್ಡಪ್ಪನ ತಾತನಿಗೆ, ಕಣ್ಣೀರು ಉಕ್ಕಿತು. ವಿಚಾರಣೆಗೆ ಹದಿನೈದು ದಿನ ಮುಂಚೆ ಕಲ್ಲು ನೆಡಿಸಿದ. ತಂದೆಯನ್ನು ಹೂಳಿದ ಜಾಗ ಮರೆತುಹೋಗಿತ್ತು. ಸ್ಥಳ ನೋಡಲು ಬರುವ ನ್ಯಾಯಾಧೀಶರ ಕಣ್ಣಿಗೆ ಬೀಳಲೆಂದು ಸ್ಮಶಾನದ ಗೇಟಿನ ಪಕ್ಕದ ಖಾಲಿ ಜಾಗವನ್ನೇ ಆರಿಸಿದ. ಮನೆಯವರು ವರ್ಷವರ್ಷವೂ ಹೂವಿಟ್ಟು ಕೈಮುಗಿದದ್ದು ಬರೀ ಮಣ್ಣಿಗೆ.

ದೊಡ್ಡಪ್ಪನ ಮುಖ ಹುಳ್ಳಗಾಯಿತು. "ಆ ಪುಟ ಬಿಟ್ಬಿಡು. ಕಲ್ಲಿನ ಮೇಲಿರೋ ಮಾತಾದ್ರೂ ನಮ್ಮದೇ ತಾನೆ?"

ಅವಳು ಹಾಳೆ ತಿರುವಿದಳು. ಅಲ್ಲಿ ಕಲ್ಲುಕುಟಿಗನ ಸಾಕ್ಷ್ಯವಿತ್ತು.

"ಬೇರೆಯವರ ಕಲ್ಲು, ಸ್ವಾಮಿ. ಮಾಡಿಸಿದವರು ತಗೊಂಡು ಹೋಗಲೇ ಇಲ್ಲ. ಆ ಹೆಸರು ಉಜ್ಜಿ ಇವರಪ್ಪನ ಹೆಸರು ಕೆತ್ತಿದೆ. ಕಣ್ಣೀರಿನ ಸಾಲು ಮೊದಲೇ ಇತ್ತು."